ರೈತ ಉತ್ಪಾದಕ ಕಂಪನಿ: ಷೇರು ರೈತರದು, ಲಗಾಮು ಯಾರ ಕೈಯಲ್ಲಿ?

ಹತ್ತು ಸಾವಿರ ಎಫ್‌ಪಿಒಗಳನ್ನು, ಅಂದರೆ ರೈತರೇ ಸೇರಿ ನಡೆಸುವ ರೈತ ಉತ್ಪಾದಕ ಸಂಸ್ಥೆಗಳನ್ನು, ಕಟ್ಟುವ ಕೇಂದ್ರ ಯೋಜನೆ ಶುರುವಾದದ್ದು 2020ರ ಫೆಬ್ರವರಿ 29ರಂದು. ಗುರಿ ಮುಟ್ಟಿದ್ದು 2025ರ ಫೆಬ್ರವರಿಯಲ್ಲಿ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಲ್ಲೂ ಮೆಣಸಿನಕಾಯಿ, ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಬೆಳೆಯುವ ರೈತರು ಷೇರು ಹಣ ಕಟ್ಟಿ ಇಂಥ ಕಂಪನಿಗಳ ಸದಸ್ಯರಾದರು. ಪ್ರತಿ ಸಂಸ್ಥೆಗೆ ಮೂರು ವರ್ಷದಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನಿರ್ವಹಣಾ ವೆಚ್ಚ ಸಿಗುತ್ತದೆ. ಸಿಇಒಗೆ ತಿಂಗಳಿಗೆ 25,000 ರೂ.ವರೆಗೆ, ಅಕೌಂಟೆಂಟ್‌ಗೆ 10,000 ರೂ.ವರೆಗೆ ಪಗಾರ, ಕಚೇರಿ ಬಾಡಿಗೆ ಎಲ್ಲವೂ ಅದರಲ್ಲೇ. 2021, 2022ರಲ್ಲಿ ನೋಂದಣಿಯಾದವುಗಳಿಗೆ ಆ ಮೂರು ವರ್ಷ ಮುಗಿದಿದೆ.

ದುಡ್ಡು ನಿಂತ ಮೇಲೆ ಕೆಲವು ಕಂಪನಿಗಳು ಬಾಗಿಲು ಹಾಕಿವೆ, ಕೆಲವು ಹೆಸರಿಗಷ್ಟೇ ಉಳಿದಿವೆ. ಕಾರಣ ಕೇಳಿದರೆ ಮಾರುಕಟ್ಟೆ, ರೇಟು, ಬಂಡವಾಳ ಎನ್ನುತ್ತಾರೆ. ಅವೂ ನಿಜ. ಆದರೆ ಇಂಥ ಕಂಪನಿಯ ಕಡತ ತೆರೆದು ನೋಡಿದರೆ ಬಹಳ ಸಲ ಕಾಣುವುದೇ ಬೇರೆ: ವ್ಯಾಪಾರ ಸೋಲುವುದಕ್ಕೆ ಮೊದಲೇ ಆಡಳಿತ ಸೋತಿರುತ್ತದೆ. ಸಭೆಗಳು ಹಾಳೆಯ ಮೇಲೆ ನಡೆದಿರುತ್ತವೆ, ಷೇರು ಹಣ ಬಂದಿದ್ದರೂ ಷೇರು ಹಂಚಿಕೆಯಾಗಿರುವುದಿಲ್ಲ, ನಿರ್ದೇಶಕರಿಗೆ ತಾವು ಯಾವುದಕ್ಕೆ ಹೊಣೆ ಎಂಬುದು ಗೊತ್ತಿರುವುದಿಲ್ಲ.

ಇದಕ್ಕೆ ಒಂದು ಮೂಲವಿದೆ. ನಮ್ಮ ಭಾಗಕ್ಕೆ ಸಹಕಾರ ಸಂಘ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘವೇ ದೇಶದ ಮೊದಲನೆಯದು. ಅಂದಿನಿಂದ ಸೊಸೈಟಿ ಎಂದರೆ ಹೇಗೆ ನಡೆಯುತ್ತದೆ ಎಂಬುದು ಊರಿಗೆ ಗೊತ್ತು. ಚುನಾವಣೆ ನಡೆಸಲು ಪ್ರಾಧಿಕಾರವಿದೆ. ದುಡ್ಡು ಏರುಪೇರಾದರೆ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ ಬರುತ್ತದೆ. ಆಡಳಿತ ಮಂಡಳಿ ಕೆಟ್ಟರೆ ಇಲಾಖೆ ಆಡಳಿತಾಧಿಕಾರಿಯನ್ನು ಕೂಡಿಸುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಮೇಲೊಬ್ಬರು ಕೇಳುವವರಿದ್ದಾರೆ. ಉತ್ಪಾದಕ ಕಂಪನಿಗೆ ಹಾಗೆ ಕೇಳುವವರಿಲ್ಲ. ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ಕಚೇರಿಯಿಂದ ಯಾರೂ ರಾಣೆಬೆನ್ನೂರಿಗೋ ನರಗುಂದಕ್ಕೋ ಬಂದು ಚುನಾವಣೆ ನಡೆಸುವುದಿಲ್ಲ. ಫಾರಂ ಸಲ್ಲಿಸದಿದ್ದರೆ ದಿನಕ್ಕೆ ಇಷ್ಟು ಎಂದು ಶುಲ್ಕ ಏರುತ್ತ ಹೋಗುತ್ತದೆ, ಕೊನೆಗೊಂದು ದಿನ ಕಂಪನಿಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಸೊಸೈಟಿಯ ರೂಢಿಯಲ್ಲಿ ಕಂಪನಿ ನಡೆಸಹೋದವರು ಎಡವುವುದು ಇಲ್ಲೇ. ಈ ಕಾನೂನು ಕಾವಲಿನ ಕೆಲಸವನ್ನು ಸದಸ್ಯನಿಗೇ ಒಪ್ಪಿಸಿದೆ.

ಸಹಕಾರ ಸಂಘದ ಗುಣ ಮತ್ತು ಕಂಪನಿಯ ಸ್ವಾತಂತ್ರ್ಯ ಎರಡೂ ಇರುವ ಒಂದು ರೂಪ ಬೇಕೆಂದು ವೈ.ಕೆ. ಅಲಘ್ ಸಮಿತಿ ಶಿಫಾರಸು ಮಾಡಿತ್ತು. ಅದರಂತೆ 2002ರ ತಿದ್ದುಪಡಿ ಹಳೆಯ ಕಂಪನಿ ಕಾಯ್ದೆಗೆ ಉತ್ಪಾದಕ ಕಂಪನಿಯನ್ನು ಸೇರಿಸಿತು. ಈಗ ಅದು 2013ರ ಕಾಯ್ದೆಯ 21ಎ ಅಧ್ಯಾಯದಲ್ಲಿದೆ. 2021ರ ಫೆಬ್ರವರಿ 11ರಿಂದ ಜಾರಿಗೆ ಬಂದ ಈ ಅಧ್ಯಾಯದ ಸೆಕ್ಷನ್‌ಗಳೆಲ್ಲ 378 ಎಂಬ ಅಂಕಿಯಿಂದ ಶುರುವಾಗುತ್ತವೆ. ಹತ್ತು ಜನ ಉತ್ಪಾದಕರು ಸೇರಿದರೆ ಕಂಪನಿ ಕಟ್ಟಬಹುದು, ಸದಸ್ಯರ ಸಂಖ್ಯೆಗೆ ಮೇಲ್ಮಿತಿ ಇಲ್ಲ. ಬಯಲು ಸೀಮೆಯಲ್ಲಿ ಕೇಂದ್ರ ಯೋಜನೆಯ ನೆರವು ಬೇಕಿದ್ದರೆ ಕನಿಷ್ಠ 300 ಸದಸ್ಯರಿರಬೇಕು.

ಮೂರು ಕುರ್ಚಿಗಳು

ಕಂಪನಿ ಕಾನೂನಿನ ಅಡಿಪಾಯ ಒಂದೇ ಮಾತು: ಕಂಪನಿ ಬೇರೆ, ಅದರ ಷೇರುದಾರರು ಬೇರೆ. ಗೋದಾಮು ಕಂಪನಿಯ ಆಸ್ತಿ, ಸಾಲವೂ ಕಂಪನಿಯದೇ. ಕಂಪನಿ ಮುಳುಗಿದರೆ 2,000 ರೂಪಾಯಿ ಷೇರು ತೆಗೆದುಕೊಂಡ ಸದಸ್ಯ ಕಳೆದುಕೊಳ್ಳುವುದು ಆ 2,000 ಮಾತ್ರ, ಅವನ ಹೊಲಕ್ಕೆ ಯಾರೂ ಬರುವಂತಿಲ್ಲ. ಆದರೆ ಬ್ಯಾಂಕಿನಲ್ಲಿ ಸಾಲ ಪಡೆಯುವಾಗ ನಿರ್ದೇಶಕರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದರೆ ಅವರ ಮಟ್ಟಿಗೆ ಈ ರಕ್ಷಣೆ ಅಲ್ಲಿಗೇ ಮುಗಿಯಿತು. ಮಂಜೂರಾತಿ ಪತ್ರದ ಕೊನೆಯ ಪುಟಗಳನ್ನು ಯಾರಿಂದಲಾದರೂ ಕನ್ನಡದಲ್ಲಿ ಓದಿಸಿಕೊಳ್ಳದೆ ಸಹಿ ಮಾಡಬಾರದು.

ಈ ಕಂಪನಿ ಎಂಬ ವ್ಯಕ್ತಿಯ ಪರವಾಗಿ ಕೆಲಸ ಮಾಡುವವರು ಮೂರು ಕಡೆ ಕುಳಿತಿರುತ್ತಾರೆ. ಸದಸ್ಯರು ವಾರ್ಷಿಕ ಸಭೆಯಲ್ಲಿ ಬಜೆಟ್ ಒಪ್ಪುತ್ತಾರೆ, ಲೆಕ್ಕ ಅಂಗೀಕರಿಸುತ್ತಾರೆ, ಬೋನಸ್ ಎಷ್ಟೆಂದು ನಿರ್ಧರಿಸುತ್ತಾರೆ, ನಿರ್ದೇಶಕರನ್ನು ಆರಿಸುತ್ತಾರೆ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ 5, ಗರಿಷ್ಠ 15 ಜನ. ಒಬ್ಬ ನಿರ್ದೇಶಕನ ಅವಧಿ ಒಂದು ವರ್ಷಕ್ಕೆ ಕಡಿಮೆ ಇಲ್ಲ, ಐದು ವರ್ಷಕ್ಕೆ ಹೆಚ್ಚಿಲ್ಲ. ಹೊರಗಿನ ತಜ್ಞರನ್ನು ನಿರ್ದೇಶಕರ ಐದನೇ ಒಂದು ಭಾಗದಷ್ಟು ಮಾತ್ರ ಸೇರಿಸಿಕೊಳ್ಳಬಹುದು. ಮೂರನೆಯವರು ಸಿಇಒ. ಇವರು ಪೂರ್ಣಾವಧಿಯವರಾಗಿರಬೇಕು, ಸದಸ್ಯರಾಗಿರಬಾರದು. ಮಂಡಳಿಯೇ ನೇಮಿಸುತ್ತದೆ, ಹುದ್ದೆಯ ಬಲದಿಂದ ಅವರೂ ಮಂಡಳಿಯಲ್ಲಿ ಕೂರುತ್ತಾರೆ.

ಕಂಪನಿಯನ್ನು ಕಟ್ಟಿಕೊಟ್ಟ ಸಿಬಿಬಿಒ ಎಂಬ ಕ್ಲಸ್ಟರ್ ಆಧಾರಿತ ವ್ಯಾಪಾರ ಸಂಸ್ಥೆಗೆ ಈ ಮೂರರಲ್ಲಿ ಯಾವ ಕುರ್ಚಿಯೂ ಇಲ್ಲ. ಅದು ಸಲಹೆ ಕೊಡುವ, ಕೈಹಿಡಿದು ನಡೆಸುವ ಸಂಸ್ಥೆ. ಆದರೂ ಎಷ್ಟೋ ಕಡೆ ಠರಾವು ಬರೆಯುವವರೂ ಅವರೇ, ಆಡಿಟರ್ ಹುಡುಕುವವರೂ ಅವರೇ, ಸಿಇಒ ಕೂಡ ಅವರ ಮನುಷ್ಯನೇ. ಮೂರು ವರ್ಷ ಇದು ಅನುಕೂಲವಾಗಿ ಕಾಣುತ್ತದೆ. ನಾಲ್ಕನೇ ವರ್ಷ ನಿರ್ದೇಶಕರಿಗೆ ತಮ್ಮದೇ ಕಂಪನಿಯ ಲಾಗಿನ್ ಗೊತ್ತಿರುವುದಿಲ್ಲ.

ಷೇರು ಹಣ ಕಟ್ಟಿದ ಮಾತ್ರಕ್ಕೆ ಷೇರುದಾರರಾಗುವುದಿಲ್ಲ

ಹೆಚ್ಚು ಕಂಪನಿಗಳಲ್ಲಿ ಗಂಟು ಬೀಳುವುದು ಇಲ್ಲಿ. ನೋಂದಣಿ ದಿನ ಕಾಗದದ ಮೇಲೆ ಹತ್ತೇ ಜನ ಷೇರುದಾರರು, ಅಧಿಕೃತ ಬಂಡವಾಳ (ಎಷ್ಟು ಮೊತ್ತದವರೆಗೆ ಷೇರು ಹಂಚಬಹುದು ಎಂಬ ಮಿತಿ) ಒಂದು ಲಕ್ಷ ರೂಪಾಯಿ. ಆಮೇಲೆ ಹಳ್ಳಿ ಹಳ್ಳಿ ಸುತ್ತಿ 750 ಜನರಿಂದ 2,000 ರೂ.ನಂತೆ 15 ಲಕ್ಷ ಎತ್ತುತ್ತಾರೆ. ರೈತರ ಕೈಗೆ ರಸೀದಿ ಸಿಕ್ಕಿರುತ್ತದೆ. ಆದರೆ ಒಂದು ಲಕ್ಷದ ಅಧಿಕೃತ ಬಂಡವಾಳದಲ್ಲಿ 15 ಲಕ್ಷದ ಷೇರು ಹಂಚಲು ಬರುವುದಿಲ್ಲ. ಮೊದಲು ಸದಸ್ಯರ ಸಭೆ ಬಂಡವಾಳ ಹೆಚ್ಚಿಸಬೇಕು, 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಎಸ್‌ಎಚ್-7 ಫಾರಂ ಸಲ್ಲಿಸಬೇಕು. ಆಮೇಲೆ ಮಂಡಳಿ ಹೆಸರು ಹೆಸರಾಗಿ ಷೇರು ಹಂಚಿಕೆಯ ಠರಾವು ಮಾಡಿ, ಅದನ್ನು ತಿಳಿಸುವ ಪಿಎಎಸ್-3 ಫಾರಂ ಸಲ್ಲಿಸಬೇಕು. ಹಂಚಿಕೆಯಾದ ಎರಡು ತಿಂಗಳೊಳಗೆ ಷೇರು ಪತ್ರ ಸದಸ್ಯರ ಕೈ ಸೇರಬೇಕು, ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಏರಬೇಕು.

ಈ ಕೆಲಸ ಬಿಟ್ಟುಹೋದರೆ ಹಾಗೆ ಹಣ ಕಟ್ಟಿದವರು ಕಾನೂನಿನ ಕಣ್ಣಿಗೆ ಸದಸ್ಯರೇ ಅಲ್ಲ. ಸಭೆಯಲ್ಲಿ ಮತವಿಲ್ಲ, ಬೋನಸ್ಸಿಗೆ ಹಕ್ಕಿಲ್ಲ. ಅವರಿಂದ ಪಡೆದ ಹಣ ಹಂಚಿಕೆಯಾಗದೆ 60 ದಿನ ದಾಟಿದರೆ 15 ದಿನದೊಳಗೆ ವಾಪಸು ಕೊಡಬೇಕು, ಅದೂ ಆಗದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ. ಸರ್ಕಾರ ಒಬ್ಬ ರೈತನಿಗೆ 2,000 ರೂ.ನಂತೆ, ಕಂಪನಿಗೆ 15 ಲಕ್ಷದವರೆಗೆ ಕೊಡುವ ಸಮಪಾಲು ಬಂಡವಾಳವೂ ಸದಸ್ಯರ ಹೆಸರಿಗೆ ಷೇರಾಗಿಯೇ ಹೋಗಬೇಕು. ಅದನ್ನು ಕಂಪನಿಯ ಆದಾಯ ಎಂದು ಖರ್ಚು ಹಾಕುವಂತಿಲ್ಲ.

ಸದಸ್ಯರಾದ ಮೂರು ತಿಂಗಳೊಳಗೆ ನಾಮಿನಿ ಹೆಸರಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಷೇರುದಾರ ತೀರಿಕೊಂಡ ಮೇಲೆ ಮನೆಯವರು ಕಂಪನಿ ಬಾಗಿಲಿಗೆ ಅಲೆಯುವುದನ್ನು ಒಂದು ಸಾಲಿನ ಬರಹ ತಪ್ಪಿಸುತ್ತದೆ. ಯಾಕೋ ಇದನ್ನು ಮಾಡಿಸುವವರು ಕಡಿಮೆ.

ಹೊಸ ಕಂಪನಿಯವರಿಗೆ ಇನ್ನೆರಡು ಗಡುವು ನೆನಪಿರಲಿ. ನೋಂದಣಿಯಾದ 30 ದಿನದೊಳಗೆ ಮಂಡಳಿ ಮೊದಲ ಆಡಿಟರನ್ನು ನೇಮಿಸಬೇಕು. 180 ದಿನದೊಳಗೆ ಐಎನ್‌ಸಿ-20ಎ ಸಲ್ಲಿಸಿ, ಮೊದಲ ಸಹಿದಾರರು ತಮ್ಮ ಷೇರು ಹಣ ಕಟ್ಟಿದ್ದಾರೆಂದು ಘೋಷಿಸಬೇಕು. ಎರಡನೆಯದು ತಪ್ಪಿದರೆ ಕಂಪನಿಗೆ 50,000 ರೂ. ದಂಡ. ಅಷ್ಟೇ ಅಲ್ಲ, ಅದು ಸಲ್ಲಿಕೆಯಾಗುವವರೆಗೆ ಕಂಪನಿ ವ್ಯಾಪಾರ ಶುರು ಮಾಡುವಂತೆಯೂ ಇಲ್ಲ, ಸಾಲ ಎತ್ತುವಂತೆಯೂ ಇಲ್ಲ.

ಸಭೆ, ಕೋರಂ, ಹೆಸರಿನ ರಾಶಿ

ಮೊದಲ ವಾರ್ಷಿಕ ಸಾಮಾನ್ಯ ಸಭೆ ನೋಂದಣಿಯಾದ 90 ದಿನದೊಳಗೆ ನಡೆಯಬೇಕು. ನಿರ್ದೇಶಕರ ಚುನಾವಣೆಗೂ ಅದೇ 90 ದಿನ. ಆಮೇಲೆ ಎರಡು ವಾರ್ಷಿಕ ಸಭೆಗಳ ನಡುವೆ 15 ತಿಂಗಳು ದಾಟಬಾರದು. ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ಮುಗಿಸುತ್ತಾರೆ. ನೋಟಿಸು ಕನಿಷ್ಠ 14 ದಿನ ಮೊದಲು ಹೋಗಬೇಕು. ಅದರ ಜೊತೆ ಅಜೆಂಡಾ, ಹಿಂದಿನ ಸಭೆಯ ನಡಾವಳಿ, ಆಡಿಟ್ ಆದ ಜಮಾ-ಖರ್ಚು, ಚುನಾವಣೆಗೆ ನಿಂತವರ ವಿವರ ಇರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ನಾಳೆ ಸಭೆ ಇದೆ, ಎಲ್ಲರೂ ಬನ್ನಿ' ಎಂದು ಹಾಕುವುದು ನೋಟಿಸಲ್ಲ.

ಕೋರಂ ಅಂತೂ ಬಹಳ ಜನಕ್ಕೆ ಗೊತ್ತೇ ಇಲ್ಲ. ಉಳಿದ ಖಾಸಗಿ ಕಂಪನಿಗಳಲ್ಲಿ ಇಬ್ಬರು ಬಂದರೂ ಸಭೆ ನಡೆಯುತ್ತದೆ. ಉತ್ಪಾದಕ ಕಂಪನಿಯಲ್ಲಿ ಒಟ್ಟು ಸದಸ್ಯರ ಕಾಲುಭಾಗ ಬರಬೇಕು, ಅಂದರೆ 1,000 ಸದಸ್ಯರಿದ್ದರೆ 250 ಜನ. ಸೆಪ್ಟೆಂಬರ್ ಕೊನೆಗೆ ಸಭೆ ಕರೆದರೆ 40 ಜನ ಬಂದಿರುತ್ತಾರೆ. ಹಾಜರಿ ಪುಸ್ತಕವನ್ನು ಆಮೇಲೆ ಮನೆಮನೆಗೆ ಕಳಿಸಿ ಸಹಿ ತುಂಬಿಸುತ್ತಾರೆ. ಹೀಗೆ ತುಂಬಿಸಿದ ಹಾಜರಿಯ ಮೇಲೆ ಆದ ಚುನಾವಣೆ, ಒಪ್ಪಿದ ಲೆಕ್ಕ, ಹೆಚ್ಚಿಸಿದ ಬಂಡವಾಳ ಎಲ್ಲವನ್ನೂ ನಾಳೆ ಒಬ್ಬ ಸದಸ್ಯ ಪ್ರಶ್ನಿಸಿದರೆ ಒಂದೂ ನಿಲ್ಲುವುದು ಕಷ್ಟ.

ನಮ್ಮ ಕಡೆ ಇದಕ್ಕೆ ಕೆಲಸದ ಕಾಲವೂ ಕಾರಣ. ಜೂನ್ ಮೊದಲಲ್ಲಿ ಬಿತ್ತಿದ ಹೆಸರು ಆಗಸ್ಟ್ ಮಧ್ಯದಿಂದ ಕೊಯ್ಲಿಗೆ ಬರುತ್ತದೆ. ಮಳೆ ಮೋಡ ನೋಡುತ್ತ ರಾಶಿ ಮಾಡುವ ಹೊತ್ತಿನಲ್ಲಿ ನವಲಗುಂದದ ರೈತ ಲೆಕ್ಕಪತ್ರದ ಸಭೆಗೆ ಬರಲಾರ. ಆದ್ದರಿಂದ ಸಭೆಯನ್ನು ಜುಲೈ ಕೊನೆಗೆ ತರುವುದು ಲೇಸು. ಅದಕ್ಕೆ ಮಾರ್ಚ್ 31ರ ಲೆಕ್ಕ ಮೇ ತಿಂಗಳಲ್ಲಿ ಮುಗಿದು, ಜೂನ್‌ನಲ್ಲಿ ಆಡಿಟ್ ಆಗಬೇಕು. ಸೆಪ್ಟೆಂಬರ್‌ನ ನೂಕುನುಗ್ಗಲಿಗೆ ಮೊದಲು ಆಡಿಟರ್‌ಗಳ ಕೈಯೂ ಸ್ವಲ್ಪ ಖಾಲಿ ಇರುತ್ತದೆ. ಕೋರಂ ಆಗದೆ ಸಭೆ ಮುಂದೆ ಹೋದರೆ ಏನು ಮಾಡಬೇಕು ಎಂಬುದನ್ನು ಕಂಪನಿಯ ಆರ್ಟಿಕಲ್ಸ್‌ನಲ್ಲಿ (ಒಳ ನಿಯಮಾವಳಿಯಲ್ಲಿ) ಸ್ಪಷ್ಟವಾಗಿ ಬರೆದಿಟ್ಟುಕೊಳ್ಳುವುದು ಜಾಣತನ. ಬಹುಪಾಲು ಕಂಪನಿಗಳ ಆರ್ಟಿಕಲ್ಸ್ ಒಂದರಿಂದ ಒಂದು ನಕಲಾಗಿವೆ, ನಿರ್ದೇಶಕರೇ ಓದಿಲ್ಲ.

ಮಂಡಳಿ ಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವರ್ಷಕ್ಕೆ ನಾಲ್ಕಕ್ಕೆ ಕಡಿಮೆ ಇಲ್ಲ. ಏಳು ದಿನದ ನೋಟಿಸು. ನಿರ್ದೇಶಕರಲ್ಲಿ ಮೂರನೇ ಒಂದು ಭಾಗ, ಕನಿಷ್ಠ ಮೂವರು ಇದ್ದರೆ ಕೋರಂ. ಕಾಯ್ದೆಗೆ ವಿರುದ್ಧವಾದ ಠರಾವಿಗೆ ಕೈ ಎತ್ತಿದ ನಿರ್ದೇಶಕರು ಅದರಿಂದಾದ ನಷ್ಟಕ್ಕೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಒಪ್ಪದಿದ್ದರೆ ಸುಮ್ಮನೆ ಎದ್ದು ಹೋಗುವುದು ಸಾಲದು, ನಡಾವಳಿಯಲ್ಲಿ 'ಇವರ ವಿರೋಧವಿದೆ' ಎಂದು ಬರೆಸಲೇಬೇಕು.

ದಲಾಲಿ ಅಂಗಡಿಯವರು ನಿರ್ದೇಶಕರಾಗಬಹುದೆ?

ಬ್ಯಾಡಗಿ ಮಾರುಕಟ್ಟೆಯ ಸುತ್ತ ಇದು ಸೂಕ್ಷ್ಮ ಪ್ರಶ್ನೆ. ಹತ್ತು ಎಕರೆ ಮೆಣಸಿನಕಾಯಿ ಬೆಳೆಯುವವರೇ ದಲಾಲಿ ಅಂಗಡಿಯನ್ನೂ ಇಟ್ಟಿರುತ್ತಾರೆ, ಬೀಜ-ಗೊಬ್ಬರದ ಅಂಗಡಿ ಅಣ್ಣನ ಹೆಸರಲ್ಲಿರುತ್ತದೆ. ಕಂಪನಿಯ ವ್ಯವಹಾರಕ್ಕೆ ವಿರುದ್ಧವಾಗುವ ವ್ಯಾಪಾರ ಹಿತಾಸಕ್ತಿ ಉಳ್ಳವರು ಉತ್ಪಾದಕ ಕಂಪನಿಯ ಸದಸ್ಯರೇ ಆಗುವಂತಿಲ್ಲ ಎನ್ನುತ್ತದೆ ಕಾಯ್ದೆ. ಸದಸ್ಯರಾದ ಮೇಲೆ ಅಂಥ ವ್ಯಾಪಾರಕ್ಕೆ ಇಳಿದರೆ ಸದಸ್ಯತ್ವ ಹೋಗುತ್ತದೆ. ಬೇರೆ ಕಂಪನಿಗಳಲ್ಲಿ ಹಿತಾಸಕ್ತಿ ಬಹಿರಂಗಪಡಿಸಿದರೆ ಸಾಕಾಗುವ ಎಷ್ಟೋ ವಿಷಯಗಳಲ್ಲಿ ಇಲ್ಲಿ ನಿಯಮ ಇನ್ನೂ ಕಠಿಣ.

ಯಾರೂ ಊರಿನ ಹಿರಿಯರನ್ನು ಎದುರು ಹಾಕಿಕೊಳ್ಳಲು ಬಯಸುವುದಿಲ್ಲ, ಅದು ಅರ್ಥವಾಗುವ ಸಂಕೋಚ. ಆದರೆ ಕಂಪನಿಯ ಮಾಲು ಯಾವ ರೇಟಿಗೆ ಯಾರಿಗೆ ಹೋಗಬೇಕೆಂದು ನಿರ್ಧರಿಸುವ ಸಭೆಯಲ್ಲಿ ಕೊಳ್ಳುವವರೇ ಕುಳಿತರೆ ಆ ಕಂಪನಿ ಕಟ್ಟಿದ್ದರ ಉದ್ದೇಶವೇ ಹೋಯಿತು. ಸದಸ್ಯತ್ವ ಕೊಡುವ ಮೊದಲೇ ಅರ್ಜಿಯಲ್ಲಿ ಅಂಗಡಿ, ಲೈಸೆನ್ಸು, ಮನೆಯವರ ವ್ಯಾಪಾರದ ವಿವರ ಕೇಳಿದರೆ ಆಮೇಲಿನ ಜಗಳ ತಪ್ಪುತ್ತದೆ. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಗೆ ಕಂಪನಿ ಸಾಲ ಕೊಡುವುದಿದ್ದರೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕೇಬೇಕು.

ಸಾಲದ ವಿಷಯದಲ್ಲಿ ಇನ್ನೊಂದು ಕಠಿಣ ನಿಯಮವಿದೆ. ಕಂಪನಿ ಪಡೆದ ಸಾಲದ ಮರುಪಾವತಿ ತಪ್ಪಿ 90 ದಿನ ಹಾಗೇ ಉಳಿದರೆ ನಿರ್ದೇಶಕರು ಸ್ಥಾನ ಕಳೆದುಕೊಳ್ಳುತ್ತಾರೆ. ರೇಟು ಬರಲಿ ಎಂದು ಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುವ ಮಂಡಳಿ, ಕಂತಿನ ದಿನವನ್ನೂ ಜೊತೆಗೇ ಎಣಿಸುತ್ತಿರಬೇಕು. ಕಂತು ತಪ್ಪುವ ಲಕ್ಷಣ ಕಂಡ ಕೂಡಲೇ ಬ್ಯಾಂಕಿನ ಜೊತೆ ಅವಧಿ ಬದಲಾವಣೆಯ ಮಾತು ಆಡಬೇಕು. 90 ದಿನ ಕಳೆದ ಮೇಲೆ ಆಡಿದರೆ ಆಡುವವರೇ ನಿರ್ದೇಶಕರಾಗಿ ಉಳಿದಿರುವುದಿಲ್ಲ.

ಲಾಭ ಹಂಚುವ ಲೆಕ್ಕವೂ ಇಲ್ಲಿ ಬೇರೆ. ಷೇರಿನ ಮೇಲೆ ಕೊಡುವುದು ಆರ್ಟಿಕಲ್ಸ್‌ನಲ್ಲಿ ಹೇಳಿದ ಮಿತಿಯೊಳಗಿನ ಪ್ರತಿಫಲ ಮಾತ್ರ. ಉಳಿದದ್ದು ಮಾಲು ಹಾಕಿದ ಪ್ರಮಾಣಕ್ಕೆ ತಕ್ಕ ಬೋನಸ್ಸಾಗಿ ಹೋಗುತ್ತದೆ. ಒಂದು ಕಂಪನಿ ವರ್ಷದಲ್ಲಿ ಸದಸ್ಯರಿಂದ 1 ಕೋಟಿ ರೂಪಾಯಿಯ ಮಾಲು ಕೊಂಡಿದೆ ಎಂದಿಟ್ಟುಕೊಳ್ಳಿ. ಖರ್ಚು ಕಳೆದು, ಮೀಸಲು ನಿಧಿಗೆ ತೆಗೆದಿಟ್ಟು, ಷೇರಿನ ಪ್ರತಿಫಲ ಕೊಟ್ಟ ಮೇಲೆ 4 ಲಕ್ಷ ಉಳಿಯಿತು. ನೂರಕ್ಕೆ ನಾಲ್ಕು ರೂಪಾಯಿ. 2 ಲಕ್ಷದ ಮಾಲು ಹಾಕಿದವರಿಗೆ 8,000, 20 ಸಾವಿರದ್ದು ಹಾಕಿದವರಿಗೆ 800. ಇಬ್ಬರ ಷೇರೂ ಅಷ್ಟಕ್ಕಷ್ಟೇ. ಹೊರಗೆ ಮಾರಿದವರಿಗೆ ಬೋನಸ್ಸಿಲ್ಲ. ಈ ಲೆಕ್ಕ ಹಾಕಲು ಯಾವ ಸದಸ್ಯ ಯಾವ ದಿನ ಎಷ್ಟು ಕ್ವಿಂಟಲ್ ಹಾಕಿದ ಎಂಬ ಪುಸ್ತಕ ಬೇಕು. ಒಟ್ಟು ಖರೀದಿಯನ್ನು ಒಂದೇ ಸಾಲಿನಲ್ಲಿ ಬರೆದಿಟ್ಟ ಕಂಪನಿ ಲಾಭ ಬಂದರೂ ನ್ಯಾಯವಾಗಿ ಹಂಚಲಾರದು.

ದಿನಕ್ಕೆ ನೂರು ರೂಪಾಯಿ

ಸಭೆ ಮುಗಿದ 30 ದಿನದೊಳಗೆ ಲೆಕ್ಕಪತ್ರದ ಎಒಸಿ-4, 60 ದಿನದೊಳಗೆ ವಾರ್ಷಿಕ ರಿಟರ್ನಿನ ಎಂಜಿಟಿ-7 ಅಥವಾ 7ಎ ಸಲ್ಲಿಕೆಯಾಗಬೇಕು. ಆಡಿಟರ್ ನೇಮಕವಾಗಿದ್ದರೆ 15 ದಿನದಲ್ಲಿ ಎಡಿಟಿ-1. ಎಒಸಿ-4 ಮತ್ತು ಎಂಜಿಟಿ-7 ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ, ಇದಕ್ಕೆ ಮೇಲ್ಮಿತಿ ಇಲ್ಲ. ಎರಡೂ ಒಂದು ವರ್ಷ ತಡವಾದರೆ 73,000. ಮೂರು ವರ್ಷದ ಫಾರಂಗಳು ಕ್ರಮವಾಗಿ ಮೂರು, ಎರಡು, ಒಂದು ವರ್ಷ ತಡವಾಗಿದ್ದರೆ 4,38,000 ರೂ. ಸಣ್ಣ ಕಂಪನಿಯೊಂದರ ಷೇರು ಬಂಡವಾಳದ ದೊಡ್ಡ ಪಾಲು ಇದೊಂದಕ್ಕೇ ಹೋಗುತ್ತದೆ. ದಂಡದ ಪ್ರಕ್ರಿಯೆ ಇದಕ್ಕೆ ಹೊರತಾದದ್ದು.

ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಯಾವ ಕಂಪನಿಯಲ್ಲೂ ನಿರ್ದೇಶಕರಾಗಲು ಅನರ್ಹರು. 2017ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ತೆಗೆದಾಗ ಅನರ್ಹರಾದ ನಿರ್ದೇಶಕರು 3 ಲಕ್ಷಕ್ಕೂ ಹೆಚ್ಚು. ಹೆಸರು ಹೋದ ಕಂಪನಿಯ ಬ್ಯಾಂಕ್ ಖಾತೆ ನಡೆಯುವುದಿಲ್ಲ. ಮತ್ತೆ ಬದುಕಿಸಬೇಕಾದರೆ ಬೆಂಗಳೂರಿನ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಪೀಠಕ್ಕೆ ಅರ್ಜಿ ಹಾಕಬೇಕು. ಬಾಕಿ ಫಾರಂ, ಶುಲ್ಕ, ವಕೀಲರ ಖರ್ಚು ಎಲ್ಲವೂ ಸೇರುತ್ತದೆ.

ಇಷ್ಟಕ್ಕೆಲ್ಲ ಎಷ್ಟೋ ಸಲ ಕಾರಣ ದೊಡ್ಡ ಮೋಸವೇನಲ್ಲ. ಸಿಇಒ ಕೆಲಸ ಬಿಡುವಾಗ ಅಧ್ಯಕ್ಷರ ಡಿಜಿಟಲ್ ಸಹಿಯ ಟೋಕನ್ ಅವರ ಬ್ಯಾಗಿನಲ್ಲೇ ಹೋಗಿರುತ್ತದೆ. ಕಂಪನಿಯ ಇಮೇಲ್ ಆಡಿಟರ್ ಕಚೇರಿಯ ಹುಡುಗನದಾಗಿರುತ್ತದೆ. ನಿರ್ದೇಶಕರ ಮೊಬೈಲ್ ನಂಬರ್ ಬದಲಾಗಿ ಕೆವೈಸಿಯ ಒಟಿಪಿ ಬರುವುದಿಲ್ಲ, ಗಡುವು ಮೀರಿ ಡಿಐಎನ್ (ನಿರ್ದೇಶಕರ ಗುರುತಿನ ಸಂಖ್ಯೆ) ನಿಷ್ಕ್ರಿಯವಾದರೆ ತಲಾ 5,000 ರೂ. ಕಟ್ಟಬೇಕು. ನೋಂದಾಯಿತ ಕಚೇರಿ ಗದಗದ ಯಾವುದೋ ಬಾಡಿಗೆ ಕೋಣೆ, ಖಾಲಿ ಮಾಡಿದ್ದನ್ನು ಐಎನ್‌ಸಿ-22ರಲ್ಲಿ ತಿಳಿಸಿಲ್ಲ, ಆದ್ದರಿಂದ ರಿಜಿಸ್ಟ್ರಾರರ ನೋಟಿಸು ಯಾರಿಗೂ ತಲುಪುವುದಿಲ್ಲ. ಅಧಿಕಾರ ಹಸ್ತಾಂತರದ ದಿನ ಟೋಕನ್, ಪೋರ್ಟಲ್ ಲಾಗಿನ್, ಕಂಪನಿಯದೇ ಸಿಮ್ ಮತ್ತು ಇಮೇಲ್, ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರು, ಚೆಕ್ ಪುಸ್ತಕ ಇವನ್ನು ಪಟ್ಟಿ ಮಾಡಿ, ಮಂಡಳಿ ಸಭೆಯಲ್ಲೇ ಎಣಿಸಿ ತೆಗೆದುಕೊಳ್ಳಬೇಕು. ಕೊನೆಯ ಪಗಾರ ಅದಾದ ಮೇಲೆ.

ರಾಜೀನಾಮೆ ಕೊಟ್ಟ ನಿರ್ದೇಶಕರೂ ಎಚ್ಚರದಿಂದಿರಬೇಕು. ಪತ್ರ ಕೊಟ್ಟು ಮನೆಗೆ ಹೋದರೆ ಸರ್ಕಾರದ ದಾಖಲೆಯಲ್ಲಿ ಹೆಸರು ಹಾಗೇ ಇರುತ್ತದೆ. ಕಂಪನಿ 30 ದಿನದೊಳಗೆ ಈ ಬದಲಾವಣೆ ತಿಳಿಸುವ ಡಿಐಆರ್-12 ಫಾರಂ ಸಲ್ಲಿಸಿತೇ ಎಂದು ನೋಡಿಕೊಳ್ಳಬೇಕು, ಸಲ್ಲಿಸದಿದ್ದರೆ ಡಿಐಆರ್-11ರಲ್ಲಿ ತಾವೇ ತಿಳಿಸಬಹುದು.

ಸದಸ್ಯರು ಇದನ್ನೆಲ್ಲ ಹೊರಗಿನಿಂದಲೇ ಪರೀಕ್ಷಿಸಬಹುದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ಮಾಸ್ಟರ್ ಡೇಟಾ (ಕಂಪನಿಯ ಮೂಲ ವಿವರ) ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೊದಲು ಅಧಿಕೃತ ಮತ್ತು ಪಾವತಿಯಾದ ಬಂಡವಾಳ ನೋಡಿ. ಊರಲ್ಲಿ 15 ಲಕ್ಷ ಎತ್ತಿ ಇಲ್ಲಿ 1 ಲಕ್ಷವೇ ಇದ್ದರೆ ಷೇರು ಹಂಚಿಕೆಯಾಗಿಲ್ಲ ಎಂದರ್ಥ. ಆಮೇಲೆ ಕೊನೆಯ ವಾರ್ಷಿಕ ಸಭೆಯ ತಾರೀಖು, ಕೊನೆಯ ಬ್ಯಾಲೆನ್ಸ್ ಶೀಟಿನ ತಾರೀಖು, ನಿರ್ದೇಶಕರ ಹೆಸರು ನೋಡಿ. 100 ರೂ. ಕಟ್ಟಿದರೆ ಸಲ್ಲಿಸಿದ ದಾಖಲೆಗಳನ್ನೇ ತೆರೆದು ಓದಬಹುದು. ಸಾಮಾನ್ಯ ಸಭೆಯ ನಡಾವಳಿಯ ನಕಲು ಕೇಳಿದ ಸದಸ್ಯನಿಗೆ ಏಳು ಕೆಲಸದ ದಿನದೊಳಗೆ ಕೊಡಬೇಕು.

ಉತ್ತರ ಸಿಗದಿದ್ದರೆ ಮತ ಹಾಕಲು ಅರ್ಹರಾದ ಸದಸ್ಯರಲ್ಲಿ ಮೂರನೇ ಒಂದು ಭಾಗ ಲಿಖಿತವಾಗಿ, ವಿಷಯ ಹೇಳಿ, ಸಹಿ ಮಾಡಿ ವಿಶೇಷ ಸಾಮಾನ್ಯ ಸಭೆ ಕರೆಯಲು ಕೇಳಬಹುದು. ಮಂಡಳಿ ಕರೆಯಲೇಬೇಕು. 1,000 ಸದಸ್ಯರ ಕಂಪನಿಗೆ 334 ಸಹಿ. ರಿಜಿಸ್ಟರಿನಲ್ಲಿ ಹೆಸರಿದ್ದವರ ಸಹಿಯಷ್ಟೇ ಲೆಕ್ಕಕ್ಕೆ ಬರುವುದರಿಂದ, ಸಹಿ ಸಂಗ್ರಹಕ್ಕೆ ಹೊರಡುವ ಮೊದಲು ಸದಸ್ಯರ ರಿಜಿಸ್ಟರಿನ ನಕಲು ಪಡೆದುಕೊಳ್ಳಬೇಕು.